ಕಂಪನಿ ವಾರಂಟಿ ಮುಗಿದ ಕಾರು: ಮಂಡ್ಯ–ಮೈಸೂರು ಓಡಾಟಕ್ಕೆ ಏನೇನು ನೋಡಿಕೊಳ್ಳಬೇಕು?

ಕೇಳಿದವರು, ಮಂಡ್ಯ: 1.2 ಲೀಟರ್ ಪೆಟ್ರೋಲ್ ಕಾರು, ಐದು ವರ್ಷ ಹಳೆಯದು, 62,000 ಕಿ.ಮೀ. ಓಡಿದೆ. ದಿನಾ ಮೈಸೂರಿಗೆ ಹೋಗಿ ಬರಬೇಕು, ವಾರಕ್ಕೊಮ್ಮೆ ಪಾಂಡವಪುರದ ಕಡೆಯ ಹಳ್ಳಿಗೆ. ಇನ್ನು ಮುಂದೆ ಹೊರಗಿನ ಗ್ಯಾರೇಜಿನಲ್ಲೇ ಸರ್ವಿಸ್. ಮನೆಯಲ್ಲೇ ಏನು ನೋಡಿಕೊಳ್ಳಬಹುದು, ಯಾವುದನ್ನು ಯಾವಾಗ ಬದಲಿಸಬೇಕು, ತಿಳಿದವರು ಹೇಳಿ.

ಕುವೆಂಪುನಗರ, ಮೈಸೂರು: ಮೊದಲು ಲೆಕ್ಕ ಹಾಕಿ ಸರ್. ದಿನಕ್ಕೆ ಸುಮಾರು 90 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 2,250. ಇಂಥ ಕಾರುಗಳಿಗೆ ಇಂಜಿನ್ ಆಯಿಲ್ ಸಾಮಾನ್ಯವಾಗಿ 10,000 ಕಿ.ಮೀ.ಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ. ನಿಮಗೆ ನಾಲ್ಕೂವರೆ ತಿಂಗಳಿಗೇ ಸರದಿ ಬರುತ್ತದೆ. ವರ್ಷಕ್ಕೊಂದು ಸರ್ವಿಸ್ ಎಂಬ ರೂಢಿ ನಿಮ್ಮ ಓಡಾಟಕ್ಕೆ ಸಾಲದು.

ಆಯಿಲ್ ಗ್ರೇಡು ಕಾರಿನ ಕೈಪಿಡಿಯಲ್ಲಿ ಇದ್ದಂತೆಯೇ ಇರಲಿ. 0ಡಬ್ಲ್ಯೂ-20 ಅಂತ ಬರೆದಿದ್ದರೆ ಗ್ಯಾರೇಜಿನವರು ಡ್ರಮ್ಮಿನಿಂದ ಸುರಿಯುವ 20ಡಬ್ಲ್ಯೂ-50 ಬೇಡ. ಅದು ದಪ್ಪ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಲುಪುವುದು ತಡ. ಫಿಲ್ಟರು, ಡ್ರೈನ್ ಬೋಲ್ಟಿನ ವಾಷರು ಪ್ರತಿ ಸಲವೂ ಹೊಸದು. ಹಳೇ ವಾಷರ್ ಮತ್ತೆ ಹಾಕಿದರೆ ತಳದಲ್ಲಿ ಜಿನುಗುತ್ತದೆ.

ಮಟ್ಟ ನೋಡುವುದು ನಿಮ್ಮ ಕೆಲಸ, ಹದಿನೈದು ದಿನಕ್ಕೊಮ್ಮೆ. ಸಮತಟ್ಟು ಜಾಗ, ಇಂಜಿನ್ ಆರಿಸಿ ಹತ್ತು ನಿಮಿಷ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ತೆಗೆದು ನೋಡಿ. ಎರಡು ಗುರುತಿನ ನಡುವೆ ಇರಬೇಕು. ಇರಲಿ ಅಂತ ಮೇಲಿನ ಗುರುತು ದಾಟಿಸಬೇಡಿ. ಇಂಜಿನ್ ತಳದಲ್ಲಿ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ.

ಮದ್ದೂರು: ಇಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್ ಬಗ್ಗೆ ಒತ್ತಿ ಹೇಳುತ್ತೇನೆ. ನಮ್ಮ ಕಡೆಯ ಬಹಳಷ್ಟು ಬೋರ್‌ವೆಲ್ ನೀರು ಗಡಸು, ಬಿಸಿನೀರಿನ ಹಂಡೆಯಲ್ಲಿ ಬಿಳಿ ಕಿಟ್ಟ ಕಟ್ಟುವುದನ್ನು ನೋಡಿರುತ್ತೀರಿ. ಅದೇ ಕಿಟ್ಟ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಊರೊಳಗೆ ಗೊತ್ತಾಗದು, ಎಕ್ಸ್‌ಪ್ರೆಸ್‌ವೇಯಲ್ಲಿ ಏಸಿ ಹಾಕಿಕೊಂಡು ಒಂದೇ ವೇಗದಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗುತ್ತದೆ.

ಸಾಂದ್ರ ಕೂಲೆಂಟ್ ಆದರೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೆರೆಸಿಯೇ ಬರುವ ಡಬ್ಬವಾದರೆ ನೀರು ಸೇರಿಸುವಂತಿಲ್ಲ. ಬಣ್ಣ ನೋಡಿ ಕೊಳ್ಳಬೇಡಿ, ಕೈಪಿಡಿಯಲ್ಲಿ ಹೇಳಿದ ಬಗೆ ನೋಡಿ. ಬೇರೆ ಬೇರೆ ಬಗೆ ಬೆರೆತರೆ ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗುತ್ತದೆ. ತೊಟ್ಟಿಯ ಮಟ್ಟ ಬೆಳಗ್ಗೆ ತಣ್ಣಗಿರುವಾಗಲೇ ನೋಡಿ. ಬಿಸಿ ಇರುವಾಗ ಮುಚ್ಚಳ ತೆರೆದರೆ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ತಿಂಗಳು ತಿಂಗಳು ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ: ಹೋಸ್ ಕ್ಲಿಪ್ಪು, ವಾಟರ್ ಪಂಪು, ಅಥವಾ ಹೀಟರ್ ಕೋರ್ (ಕಾರೊಳಗೆ ಬಿಸಿ ಗಾಳಿ ಕೊಡುವ ಚಿಕ್ಕ ರೇಡಿಯೇಟರು). ಮುಂದಿನ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರೇ.

ಶ್ರೀರಂಗಪಟ್ಟಣ: ದಾರಿ ಮಧ್ಯೆ ಕೂಲೆಂಟ್ ಖಾಲಿಯಾದರೆ ನಲ್ಲಿ ನೀರೂ ಹಾಕಬಾರದೇ?

ಮದ್ದೂರು: ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗ್ಯಾರೇಜು ತಲುಪುವಷ್ಟಕ್ಕೆ ಹಾಕಿ. ಆಮೇಲೆ ಸೋರಿಕೆ ಸರಿಮಾಡಿಸಿ, ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಹೊಸದು ತುಂಬಿಸಬೇಕು.

ನಂಜನಗೂಡು: ಏರ್ ಫಿಲ್ಟರನ್ನು ಪ್ರತಿ 5,000 ಕಿ.ಮೀ.ಗೆ ತೆಗೆದು ನೋಡಿ. ಕಬ್ಬಿನ ಲಾರಿ, ಟ್ರ್ಯಾಕ್ಟರುಗಳ ಹಿಂದೆ ಓಡುವ ಕಾರಿಗೆ ಕೈಪಿಡಿಯ ಅವಧಿ ಹೆಚ್ಚಾಯಿತು. ಗಾಳಿ ಹೊಡೆಸುವುದಾದರೆ ಶುದ್ಧ ಗಾಳಿ ಹೋಗುವ ಕಡೆಯಿಂದ ಧೂಳಿನ ಕಡೆಗೆ ಹೊಡೆಸಿ. ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ.

ಟೈರ್ ಗಾಳಿಯ ಲೆಕ್ಕ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿದೆ. ಹೈವೇಯಲ್ಲಿ ಬಿಸಿಯಾಗುತ್ತದೆ ಅಂತ ನಾಲ್ಕೈದು ಪಿಎಸ್‌ಐ ಕಮ್ಮಿ ಹಾಕಿಸುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಕಮ್ಮಿಯಾದಷ್ಟೂ ಟೈರಿನ ಪಕ್ಕದ ಗೋಡೆ ಹೆಚ್ಚು ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯಿಂದಲೇ ಬಿಸಿ ಏರಿ ಸಿಡಿಯುತ್ತದೆ. ಸವೆತ ಓದಲು ಕಲಿಯಿರಿ: ನಡುವೆ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಕಮ್ಮಿ, ಒಂದೇ ಅಂಚಾದರೆ ಚಕ್ರಗಳ ಅಲೈನ್‌ಮೆಂಟ್ (ಜೋಡಣೆಯ ಕೋನ) ತಪ್ಪಿದೆ. ತೋಡು 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೂ ಟೈರ್ ಮುಗಿದಂತೆ. ಮಳೆಗಾಲ ಬರುವಂತಿದ್ದರೆ 3 ಮಿ.ಮೀ.ಗೇ ಬದಲಿಸುವುದು ಕ್ಷೇಮ. ಹೊಸ ಟೈರ್ ಕೊಳ್ಳುವಾಗ ಪಕ್ಕದ ನಾಲ್ಕಂಕಿ ನೋಡಿ, 2324 ಅಂದರೆ 2024ರ 23ನೇ ವಾರ ತಯಾರಾದದ್ದು.

ಕುವೆಂಪುನಗರ, ಮೈಸೂರು: ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ನಿಮ್ಮ ಕಾರಿನಲ್ಲಿ ಬದಲಿಸಿದ ದಾಖಲೆ ಇಲ್ಲದಿದ್ದರೆ ಈಗಲೇ. ಅದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುವುದು ಇದಕ್ಕೇ. ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಪ್ಯಾಡ್ 3 ಮಿ.ಮೀ.ಗೆ ಬಂದರೆ ಎಡ-ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹೊಸದು. ಬ್ರೇಕ್ ಆಯಿಲ್ ಮಟ್ಟ ನಿಧಾನಕ್ಕೆ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡಿ, ಪ್ಯಾಡ್ ಸವೆದಿರುತ್ತದೆ. ಹೊಸ ಪ್ಯಾಡ್ ಹಾಕಿದಾಗ ಹೆಚ್ಚಾದದ್ದು ಉಕ್ಕಿ ಬಣ್ಣ ತಿನ್ನುತ್ತದೆ.

ಪಾಂಡವಪುರ: ಹಳ್ಳಿ ಕಡೆ ಬರುತ್ತೀರಿ ಅಂದಿರಲ್ಲ, ಕೈಪಿಡಿಯಲ್ಲಿ ಇಲ್ಲದ ಒಂದು ಮಾತು. ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹುರುಳಿ, ರಾಗಿ ಹಾಸಿರುತ್ತಾರೆ. ಹುರುಳಿ ಬಳ್ಳಿ ತಂತಿಯ ಹಾಗೆ. ಚಕ್ರದ ಆಕ್ಸಲ್‌ಗೆ ಸುತ್ತಿಕೊಂಡರೆ ರಬ್ಬರ್ ಬೂಟ್ ಹರಿಯುತ್ತದೆ, ಒಳಗಿನ ಗ್ರೀಸ್ ಹೊರಬಂದು ಮಣ್ಣು ಸೇರುತ್ತದೆ, ಸ್ಟೀರಿಂಗ್ ತಿರುಗಿಸುವಾಗ ಕಟಕಟ ಸದ್ದು ಶುರು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನ ವೈರೂ ಕಿತ್ತುಬರುತ್ತದೆ. ಇದಕ್ಕಿಂತ ದೊಡ್ಡ ಅಪಾಯ, ಒಣ ಬಳ್ಳಿ ಸೈಲೆನ್ಸರ್ ಪೈಪು, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಅಂಟಿಕೊಳ್ಳುವುದು. ಅದರ ಬಿಸಿ ನೂರಾರು ಡಿಗ್ರಿ. ಕಾರಿಗೆ ಬೆಂಕಿ ಹತ್ತಲು ಅಷ್ಟು ಸಾಕು.

ಕೇಳಿದವರು: ಬೇರೆ ದಾರಿಯೇ ಇಲ್ಲದಿದ್ದರೆ ಏನು ಮಾಡುವುದು ಅಣ್ಣ?

ಪಾಂಡವಪುರ: ಇಳಿದು ಕೇಳಿ, ಚಕ್ರ ಹೋಗುವಷ್ಟು ಸರಿಸಿಕೊಡುತ್ತಾರೆ. ದಾಟಲೇಬೇಕಾದರೆ ನಿಧಾನಕ್ಕೆ, ಹುಲ್ಲಿನ ಮೇಲೆ ನಿಲ್ಲಿಸದೆ, ಚಕ್ರ ಜಾರಿಸದೆ ದಾಟಿ. ದಾಟಿದ ಮೇಲೆ ಬರಿ ನೆಲ ಇರುವಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆರಿಸಿ ಬಗ್ಗಿ ನೋಡಿ. ಸಿಕ್ಕಿದ್ದನ್ನು ಕೋಲಿನಿಂದ ಎಳೆಯಿರಿ, ಪೈಪಿಗೆ ಕೈ ತಾಗಬಾರದು. ಆಕ್ಸಲ್‌ಗೆ ಬಿಗಿದದ್ದನ್ನು ಜಗ್ಗಬೇಡಿ, ಕತ್ತರಿಸಿ ತೆಗೆಯಿರಿ. ಓಡುವಾಗಲೇ ಸುಟ್ಟ ವಾಸನೆ ಬಂದರೆ ಹುಲ್ಲಿನಿಂದ ಆಚೆ ನಿಲ್ಲಿಸಿ, ಆರಿಸಿ, ಮೊದಲು ಎಲ್ಲರೂ ದೂರ ಸರಿಯಿರಿ. ಬಾನೆಟ್ ಅಡಿಯಿಂದ ಹೊಗೆ ಬರುತ್ತಿದ್ದರೆ ಬಾನೆಟ್ ಎತ್ತಬೇಡಿ, ಗಾಳಿ ನುಗ್ಗಿ ಉರಿ ಭುಗಿಲೇಳುತ್ತದೆ. ಒಂದು ಕೆ.ಜಿ.ಯ ಡ್ರೈ ಪೌಡರ್ ಸಿಲಿಂಡರ್ ಡ್ರೈವರ್ ಕೈಗೆ ಸಿಗುವಂತೆ ಕಟ್ಟಿಡಿ, ಡಿಕ್ಕಿಯಲ್ಲಿ ಬೇಡ.