ಮೇನ್ ರೋಡ್ ಪಕ್ಕದ ಮನೆ, ಮಗನಿಗೆ ಕೆಮ್ಮು: ಅನುಭವ ಇದ್ದವರು ಹೇಳಿ

ಎರಡನೇ ಮಹಡಿ: ಮೇನ್ ರೋಡಿಗೆ ಅಂಟಿಕೊಂಡ ಮನೆಗೆ ಬಂದು ಎಂಟು ತಿಂಗಳಾಯ್ತು. ಏಳು ವರ್ಷದ ಮಗನಿಗೆ ರಾತ್ರಿ ಕೆಮ್ಮು ನಿಲ್ತಾನೇ ಇಲ್ಲ. ಆಸ್ತಮಾ ಅಂತ ಡಾಕ್ಟರ್ ಇನ್ಹೇಲರ್ ಕೊಟ್ಟಿದ್ದಾರೆ. ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿದೆ. ಕಿಟಕಿ ಸರಳು ಒರೆಸಿದರೆ ಬಟ್ಟೆ ಕರ್ರಗಾಗುತ್ತೆ. ಮನೆ ಬಿಡೋದು ಸದ್ಯಕ್ಕೆ ಆಗದ ಮಾತು. ಏರ್ ಪ್ಯೂರಿಫೈಯರ್ ತಂದರೆ ಸಾಕಾ?

ಇನ್ಹೇಲರ್ ಅಮ್ಮ: ನಾಲ್ಕು ವರ್ಷ ಇದನ್ನೇ ಅನುಭವಿಸಿದವಳು ನಾನು. ಬಟ್ಟೆಗೆ ಅಂಟೋ ಕಪ್ಪು ಕಣ್ಣಿಗೆ ಕಾಣೋ ದಪ್ಪ ಧೂಳು, ಅದರಲ್ಲಿ ಬಹುಪಾಲು ಮೂಗು, ಗಂಟಲಲ್ಲೇ ನಿಂತುಬಿಡುತ್ತೆ. ಭಯ ಇರೋದು ಕಾಣದ್ದರದ್ದು. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಇಲ್ಲವೇ ಅದಕ್ಕಿಂತ ಸಣ್ಣ ಕಣ. ಅದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ.

ನಾವು ಮಾಡಿದ ಮೊದಲ ಕೆಲಸಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಮಗಳ ಮಂಚವನ್ನ ರಸ್ತೆ ಕಡೆಯ ಕೋಣೆಯಿಂದ ಹಿಂದಿನ ಕೋಣೆಗೆ ಎಳೆದ್ವಿ. ಆಮೇಲೆ ಕ್ಯಾಲೆಂಡರಿನಲ್ಲಿ ಕೆಮ್ಮಿದ ರಾತ್ರಿಗೆಲ್ಲ ಕೆಂಪು ಚುಕ್ಕೆ, ಪಕ್ಕದಲ್ಲಿ ಅವತ್ತು ಸಂಜೆ ಮುಂದಿನ ಕಿಟಕಿ ತೆಗೆದಿತ್ತಾ ಇಲ್ವಾ ಅಂತ ಒಂದು ಗುರುತು. ಎರಡು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟಾಗ ಚುಕ್ಕೆಗಳು ಎಲ್ಲಿ ಗುಂಪಾಗಿವೆ ಅಂತ ತಾನೇ ಕಾಣಿಸ್ತು: ಆಫೀಸ್ ಬಿಡೋ ಹೊತ್ತಲ್ಲಿ ಕಿಟಕಿ ತೆಗೆದಿಟ್ಟ ದಿನಗಳಲ್ಲಿ. ಟ್ರಾಫಿಕ್ ಕಮ್ಮಿ ಇರೋ ಮಧ್ಯಾಹ್ನ ಮಾತ್ರ ತೆಗೀತೀವಿ ಈಗ. ಇನ್ನೊಂದಿಷ್ಟು ಚುಕ್ಕೆ ನನ್ನ ಒಲೆ ಮೇಲೆ ಏನಾದರೂ ಸೀದ ದಿನ ಬಿದ್ದಿದ್ದವು, ಅದನ್ನ ಗಂಡನಿಗೆ ಹೇಳಿಲ್ಲ!

ಪ್ಯೂರಿಫೈಯರ್ ಆಮೇಲೆ ತಂದ್ವಿ. ಹೆಪಾ ಫಿಲ್ಟರ್ (ಸಣ್ಣ ಕಣ ಹಿಡಿಯೋ ದಟ್ಟ ಫಿಲ್ಟರ್) ಇರಲಿ, ಕೋಣೆ ಅಳತೆಗೆ ತಕ್ಕದ್ದಿರಲಿ, ಬಾಗಿಲು ಹಾಕಿದ್ದರೆ ಮಾತ್ರ ಉಪಯೋಗ. ಓಝೋನ್ ಬಿಡೋ ಮಾದರಿ ಬೇಡವೇ ಬೇಡ, ಅದು ಶ್ವಾಸಕೋಶಕ್ಕೇ ಕೆಡುಕು. ಕೆಮ್ಮು ಕಮ್ಮಿಯಾಯ್ತು ಅಂತ ಡಾಕ್ಟರನ್ನ ಕೇಳದೆ ಇನ್ಹೇಲರ್ ನಿಲ್ಲಿಸಬೇಡಿ. ನಾನು ನಿಲ್ಲಿಸಿ ಒಂದು ರಾತ್ರಿ ಆಸ್ಪತ್ರೆಗೆ ಓಡಿದ್ದೀನಿ.

ಒಳದಾರಿ: ಶಾಲೆಗೆ ನಡೆದು ಹೋಗ್ತಾನಾ? ಹಾಗಿದ್ದರೆ ಐದು ನಿಮಿಷ ಹೆಚ್ಚಾದರೂ ಒಳಗಿನ ಬೀದಿ ಹಿಡೀರಿ. ಲಂಡನ್ನಿನಲ್ಲಿ ಆಸ್ತಮಾ ಇದ್ದ 60 ಜನರನ್ನ ಒಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿ ತುಂಬಿದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ, ಇನ್ನೊಂದು ದಿನ ಹೈಡ್ ಪಾರ್ಕಿನಲ್ಲಿ ಎರಡೆರಡು ಗಂಟೆ ನಡೆಸಿ ಉಸಿರಿನ ಬಲ ಅಳೆದಿದ್ದರು, 2007ರಲ್ಲಿ ಪ್ರಕಟವಾಯ್ತು. ಎರಡೂ ಕಡೆ ಇಳೀತು, ಆದರೆ ಬೀದಿಯಲ್ಲಿ ಹೆಚ್ಚು, 6 ಶೇಕಡಾದವರೆಗೂ. ಅತಿಸಣ್ಣ ಕಣಗಳ (0.1 ಮೈಕ್ರೋಮೀಟರಿಗಿಂತ ಚಿಕ್ಕವು) ಸಂಖ್ಯೆ ರಸ್ತೆ ಅಂಚಿನಿಂದ ನೂರಿನ್ನೂರು ಮೀಟರ್ ಸರಿದರೆ ಬಹಳ ಇಳಿದಿರುತ್ತೆ. ಪಿಎಂ 2.5 ಅಷ್ಟು ಇಳಿಯಲ್ಲ, ಅದು ದೂರದಿಂದಲೂ ತೇಲಿ ಬರುತ್ತೆ. ಅಂದಹಾಗೆ ಗಾಳಿ ಅಳೆಯೋಕೆ ಮನೆಯಲ್ಲಿಡೋ ಅಗ್ಗದ ಮೀಟರ್‌ಗಳಿಗೆ ಆ ಅತಿಸಣ್ಣವು ಕಾಣೋದೇ ಇಲ್ಲ, ಹಸಿರು ಬಂತು ಅಂತ ಕುಣಿಯಬೇಡಿ.

ಹಳೇ ಸ್ಟೇರಿಂಗ್: ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನು. ವಾಹನದೊಳಗೆ ಕೂತರೆ ಬಚಾವ್ ಅಂದುಕೊಂಡಿರ್ತಾರೆ ಜನ. ಮುಂದಿನ ಲಾರಿ ಸೈಲೆನ್ಸರ್ ಬಿಡೋದು ನೇರ ನಿಮ್ಮ ಗಾಳಿಕಿಂಡಿಗೇ ಬರೋದು! ಸಿಗ್ನಲ್‌ನಲ್ಲಿ ಅಂತರ ಬಿಡಿ, ಒಳಗಿನ ಗಾಳಿನೇ ತಿರುಗೋ ಬಟನ್ ಒತ್ತಿ. ತುಂಬಾ ಹೊತ್ತು ಹಾಗೇ ಬಿಟ್ಟರೆ ತೂಕಡಿಕೆ ಬರುತ್ತೆ, ಮಧ್ಯೆ ಕಿಟಕಿ ತೆಗೀರಿ. ಎಲೆಕ್ಟ್ರಿಕ್ ಗಾಡಿ ಬಂದರೆ ಹೊಗೆ ಹೋಗುತ್ತೆ ನಿಜ, ಬ್ರೇಕ್ ಮತ್ತು ಟೈರ್ ಸವೆದ ಪುಡಿ ಹೋಗಲ್ಲ.

ಗೋಡೆ ನೋಡಿ: ಎಲ್ಲದಕ್ಕೂ ರಸ್ತೇನ ಬೈಯೋ ಮುಂಚೆ ಗೋಡೆಯಲ್ಲಿ ಬೂಷ್ಟು ಇದೆಯಾ ನೋಡಿ ಸರ್. ನಮ್ಮನೆಯಲ್ಲಿ ಕಳ್ಳ ಅದೇ ಆಗಿತ್ತು.

ಇನ್ಹೇಲರ್ ಅಮ್ಮ: ಇವರು ಹೇಳಿದ್ದೂ ಸರಿ. ಇರಲಿ, ನಿಮ್ಮ ತಂದೆಯವರ ಬಗ್ಗೆ ಯಾರೂ ಹೇಳಲಿಲ್ಲ. ಹೊಗೆಯ ಈ ಸಣ್ಣ ಕಣ ಶ್ವಾಸಕೋಶದಷ್ಟೇ ಹೃದಯಕ್ಕೂ ಕೆಟ್ಟದ್ದು. 2004ರ ಒಂದು ಜರ್ಮನ್ ಅಧ್ಯಯನದಲ್ಲಿ ಟ್ರಾಫಿಕ್ಕಿನಲ್ಲಿ ಇದ್ದ ಒಂದು ಗಂಟೆಯೊಳಗೆ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು ಕಂಡಿತ್ತು. ಅದರಲ್ಲಿ ಒತ್ತಡ, ಗದ್ದಲದ ಪಾಲೂ ಇರಬಹುದು. ವಾಕಿಂಗ್ ಬಿಡಿಸಬೇಡಿ, ಹೊತ್ತು ಮತ್ತು ದಾರಿ ಬದಲಿಸಿ. ಮಾಸ್ಕ್ ಹಾಕಿದರೆ ಎನ್95 ಹಾಕಲಿ, ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತೆ. ಉಸಿರು ಕಟ್ಟಿದಂತಾದರೆ ತೆಗೆದುಬಿಡಲಿ.

ಎರಡನೇ ಮಹಡಿ: ಎಲ್ಲರಿಗೂ ಥ್ಯಾಂಕ್ಸ್. ಮಂಚ ಹಿಂದಿನ ಕೋಣೆಗೆ ಬಂತು, ಕ್ಯಾಲೆಂಡರ್ ಗೋಡೆಗೆ ಬಂತು. ಕಪಾಟು ಸರಿಸಿದಾಗ ಹಿಂದೆ ಅಂಗೈಯಗಲ ಬೂಷ್ಟೂ ಸಿಕ್ತು. ಅಪ್ಪನಿಗೆ ಮಾತ್ರ ಸಂಜೆ ಬಾಲ್ಕನಿಯಲ್ಲಿ ಕೂತು ಗಾಡಿ ನೋಡೋದೇ ಹೊತ್ತು ಕಳೆಯೋ ದಾರಿ. ಅವರನ್ನ ಒಳಗೆ ಕರೆಯೋದು ಹೇಗೆ ಅಂತ ಯಾರಿಗಾದರೂ ಗೊತ್ತಾ?