ಮಧ್ವಾಚಾರ್ಯರಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ್ದು ಯಾರು?

ಅವಲಕ್ಕಿ_ಮೊಸರು ಕೇಳಿದ್ದು:
ಹೋದ ವಾರ ಉಡುಪಿಗೆ ಹೋದಾಗ ಮಗಳನ್ನು ಮಧ್ವರು ಹುಟ್ಟಿದ ಪಾಜಕಕ್ಕೂ ಕರೆದುಕೊಂಡು ಹೋಗಿದ್ದೆವು. ಎರಡನೇ ಕ್ಲಾಸು ಅವಳು. ಮಧ್ವರು ಅಕ್ಷರ ಕಲಿತದ್ದು ಅಂತ ಅಲ್ಲಿ ಒಂದು ಕಲ್ಲು ತೋರಿಸುತ್ತಾರೆ. ಅದರ ಮುಂದೆ ನಿಂತು ಬೆರಳಲ್ಲೇ ಗಾಳಿಯಲ್ಲಿ 'ಅ' ಬರೆದಳು. ಆಮೇಲೆ "ಅಮ್ಮಾ, ಇವರಿಗೆ ಮಿಸ್ ಯಾರು?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಎತ್ತಿನ ಬಾಲ ಹಿಡಿದು ಕಾಡಿಗೆ ಹೋದದ್ದು, ಹುಣಸೆ ಬೀಜ ಕೊಟ್ಟು ಅಪ್ಪನ ಸಾಲ ತೀರಿಸಿದ್ದು, ಇವೆಲ್ಲ ಅಜ್ಜಿ ಹೇಳಿದ ಕಥೆಗಳು, ಗೊತ್ತು. ಆದರೆ ಅವರು ಓದಿದ್ದು ಹೇಗೆ, ಯಾರ ಹತ್ತಿರ? ತಿಳಿದವರು ಹೇಳಿ, ಮಗುವಿಗೆ ಸರಿಯಾಗಿ ಹೇಳಬೇಕು.

ಕುಂಜಾರುಗಿರಿ_ಮೆಟ್ಟಿಲು:
ನಿಮ್ಮ ಮಗಳ ಪ್ರಶ್ನೆ ತುಂಬಾ ಇಷ್ಟವಾಯಿತು. ಮೊದಲ ಮಿಸ್ ಅವರ ಅಪ್ಪನೇ. ಮನೆತನದ ಹೆಸರು ನಡಿಲ್ಲಾಯ. ತುಳುವಿನಲ್ಲಿ ನಡು ಅಂದರೆ ಮಧ್ಯ, ಇಲ್ಲು ಅಂದರೆ ಮನೆ, ಅದನ್ನೇ ಸಂಸ್ಕೃತ ಮಾಡಿ ಮಧ್ಯಗೇಹ ಭಟ್ಟರು ಅಂತ ಕರೆದದ್ದು. ತಾಯಿ ವೇದವತಿ. ಮಗುವಿಗೆ ಇಟ್ಟ ಹೆಸರು ವಾಸುದೇವ. ಅಪ್ಪ ಅಕ್ಷರ ಬರೆದು ತೋರಿಸಿದರು. ಮರುದಿನ ಮತ್ತೆ ಅವೇ ಅಕ್ಷರ ಬರೆದಾಗ ಮಗು ಕೇಳಿತಂತೆ, ನಿನ್ನೆ ಬರೆದದ್ದನ್ನೇ ಇವತ್ತೂ ಯಾಕೆ ಬರೆಯುತ್ತೀರಿ ಅಂತ. ಅಪ್ಪನಿಗೆ ಖುಷಿಗಿಂತ ಜಾಸ್ತಿ ಹೆದರಿಕೆ ಆಯಿತು. ಯಾರ ದೃಷ್ಟಿಯೂ ತಾಗದಿರಲಿ ಅಂತ ಜನ ಇಲ್ಲದ ಕಡೆ ಕೂರಿಸಿಕೊಂಡು ಪಾಠ ಮಾಡಿದರು. ನನಗೆ ಎಲ್ಲಕ್ಕಿಂತ ಹತ್ತಿರದ ಕಥೆ ಇದೇ. ಮಗು ಚೂಟಿಯಾಗಿದ್ದರೆ ನಮ್ಮ ಅಪ್ಪ ಅಮ್ಮಂದಿರೂ ಹೀಗೇ ಅಲ್ವಾ ಮಾಡೋದು.

ಇನ್ನೊಂದು ಸಲ ಬಂದರೆ ಮೇಲೆ ಕುಂಜಾರುಗಿರಿಯ ದುರ್ಗಾ ದೇವಸ್ಥಾನಕ್ಕೂ ಹೋಗಿ. ಪಾಜಕದಿಂದ ಹತ್ತಿರವೇ.

ತಾಳೆಗರಿ:
ಮೇಲಿನವರು ಹೇಳಿದ್ದು ಸರಿ. ಇದೆಲ್ಲ ಬರುವುದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ, ಮಧ್ವರ ಜೀವನದ ಕಥೆ ಹೇಳುವ ಸಂಸ್ಕೃತ ಕಾವ್ಯ ಅದು. ಒಟ್ಟು 16 ಸರ್ಗ (ಅಧ್ಯಾಯ), ಬಾಲ್ಯದ ಭಾಗ ಶುರುವಿನಲ್ಲೇ ಇದೆ. ಅವರು ಮಧ್ವರ ಶಿಷ್ಯ ತ್ರಿವಿಕ್ರಮ ಪಂಡಿತರ ಮಗ, ಅಂದರೆ ಮಧ್ವರನ್ನು ಕಣ್ಣಾರೆ ಕಂಡವರ ಬಾಯಿಂದಲೇ ಕಥೆ ಕೇಳುವಷ್ಟು ಹತ್ತಿರದವರು.

ಉಪನಯನ ಆದ ಮೇಲೆ ವಾಸುದೇವ ಓದಿದ್ದು ತೋಟಂತಿಲ್ಲಾಯರ ಹತ್ತಿರ. ಇದೂ ತುಳು ಹೆಸರೇ, ತೋಟದ ಮನೆಯವರು. ಕಾವ್ಯದಲ್ಲಿ ಅದು ಪೂಗವನ ಅಂತಾಗಿದೆ, ಪೂಗ ಅಂದರೆ ಅಡಿಕೆ. ಹುಡುಗ ಅಲ್ಲಿ ಓದಿದ್ದಕ್ಕಿಂತ ಓಡಿದ್ದು, ಈಜಿದ್ದು, ಕುಸ್ತಿ ಆಡಿದ್ದೇ ಜಾಸ್ತಿ ಅನ್ನುವ ಹಾಗೆ ಕಾಣುತ್ತದೆ. ಗಮನವೇ ಇಲ್ಲ ಅಂತ ಗುರು ಗದರಿದರು. ಆಗ ಅವತ್ತಿನ ಪಾಠ ಅಷ್ಟೇ ಅಲ್ಲ, ಇನ್ನೂ ಹೇಳಿಕೊಡದ ಮುಂದಿನ ಭಾಗವನ್ನೂ ಹೇಳಿಬಿಟ್ಟ. ಕೊನೆಗೆ ಐತರೇಯ ಉಪನಿಷತ್ತಿನ ಅರ್ಥವನ್ನು ಗುರುವಿಗೇ ತಿಳಿಸಿದ, ಅದೇ ಗುರುದಕ್ಷಿಣೆ ಆಯಿತು.

ಮಗುವಿಗೆ ಹೇಳುವುದಾದರೆ ಮರದ ಕಥೆಯನ್ನು ಮಾತ್ರ ಬಿಡಬೇಡಿ. ಅಪ್ಪ ಜನರ ಮುಂದೆ ಪುರಾಣ ಹೇಳುತ್ತಿದ್ದರು. ಸಾಲಾಗಿ ಮರಗಳ ಹೆಸರು ಬಂತು, ಒಂದೊಂದರ ಅರ್ಥ ಹೇಳುತ್ತಾ ಹೋದವರು 'ಲಿಕುಚ' ಅನ್ನುವ ಒಂದು ಪದವನ್ನು ಹಾಗೇ ದಾಟಿಬಿಟ್ಟರು. ಕೂತಿದ್ದ ಮಗ ಬಿಡಲಿಲ್ಲ, ಲಿಕುಚ ಅಂದರೆ ಏನು ಅಂತ ಕೇಳಿದ. ಅಪ್ಪ ಸುಮ್ಮನಾದರು. ಮಗನೇ ಅರ್ಥ ಹೇಳಿದ. ಅದು ಹೆಬ್ಬಲಸಿನ ಜಾತಿಯ ಮರ. ತ್ರಿವಿಕ್ರಮ ಪಂಡಿತರ ಮನೆತನದ ಹೆಸರೂ ಲಿಕುಚವೇ, ತುಳುವಿನ ಪೆಜತ್ತಾಯ. ಕವಿ ತನ್ನ ಮನೆಯ ಹೆಸರಿನ ಮರವನ್ನೇ ಆ ಬಾಲಕನ ಬಾಯಲ್ಲಿ ಕೇಳುತ್ತಾ ಎಷ್ಟು ಸಂತೋಷದಿಂದ ಈ ಭಾಗ ಬರೆದಿರಬೇಕು ಅಂತ ಓದುವಾಗಲೆಲ್ಲ ಅನ್ನಿಸುತ್ತದೆ.

ಅವಲಕ್ಕಿ_ಮೊಸರು:
ತುಂಬಾ ಧನ್ಯವಾದ! ಎರಡು ಸಣ್ಣ ಪ್ರಶ್ನೆ. ಹುಟ್ಟಿದ ವರ್ಷ ಒಂದು ಕಡೆ 1199, ಇನ್ನೊಂದು ಕಡೆ 1238 ಅಂತಿದೆ, ಯಾವುದು ಹೇಳಲಿ? ಮತ್ತೆ, ಒಬ್ಬನೇ ಮಗ ಸನ್ಯಾಸಕ್ಕೆ ಹೊರಟಾಗ ಅಮ್ಮ ಏನು ಮಾಡಿದರು? ನನ್ನ ಮಗಳಿಗಿಂತ ನನಗೇ ಇದು ಬೇಕು.

ತಾಳೆಗರಿ:
1238 ಹೇಳಿ. ಅವರ ಶಿಷ್ಯ ನರಹರಿ ತೀರ್ಥರ 1281ರ ಶಾಸನ ಆಂಧ್ರದ ಶ್ರೀಕೂರ್ಮದಲ್ಲಿದೆ, ಅದಕ್ಕೆ ಈ ವರ್ಷವೇ ಚೆನ್ನಾಗಿ ಹೊಂದುತ್ತದೆ.

ಅಪ್ಪ ಅಮ್ಮ ಇಬ್ಬರೂ ಒಪ್ಪಲಿಲ್ಲ. ಅಪ್ಪ ಹಿಂದೆಯೇ ಹೋಗಿ ಬೇಡಿಕೊಂಡರು, ಮಗನಿಗೆ ಕೈ ಮುಗಿದೇಬಿಟ್ಟರು. ದೊಡ್ಡವರು ಚಿಕ್ಕವರಿಗೆ ನಮಸ್ಕಾರ ಮಾಡುವುದಿಲ್ಲ, ಸನ್ಯಾಸಿಗೆ ಮಾತ್ರ ಮಾಡುತ್ತಾರೆ, ಹಾಗಾದರೆ ನೀವೇ ಒಪ್ಪಿಗೆ ಕೊಟ್ಟ ಹಾಗಾಯಿತು ಅಂದ ಹುಡುಗ. ಆದರೂ ಅವರನ್ನು ಹಾಗೇ ಬಿಟ್ಟು ಹೋಗಲಿಲ್ಲ. ಮನೆಗೆ ಇನ್ನೊಬ್ಬ ಮಗ ಹುಟ್ಟುವವರೆಗೆ ಕಾದ, ಆಮೇಲೆ ಅಚ್ಯುತಪ್ರೇಕ್ಷರಿಂದ ಸನ್ಯಾಸ ತೆಗೆದುಕೊಂಡ. ಆ ತಮ್ಮನೂ ಮುಂದೆ ಸನ್ಯಾಸಿಯಾದರು, ವಿಷ್ಣುತೀರ್ಥರು ಅಂತ.

ಕುಂಜಾರುಗಿರಿ_ಮೆಟ್ಟಿಲು:
ಬೇಸಿಗೆ ರಜೆಯಲ್ಲಿ ಬನ್ನಿ ಅಕ್ಕ. ನಮ್ಮ ಕಡೆ ಹೆಬ್ಬಲಸು ಹಣ್ಣಾಗುವುದು ಆಗಲೇ. ಮೈತುಂಬ ಮುಳ್ಳಿನ ಪುಟ್ಟ ಹಲಸಿನ ಹಾಗಿರುತ್ತದೆ, ಒಳಗೆ ಕೇಸರಿ ಬಣ್ಣದ ತೊಳೆ, ಬೀಜ ಹುರಿದು ತಿನ್ನಬಹುದು. ಮಗಳ ಕೈಗೆ ಒಂದು ಹಣ್ಣು ಕೊಟ್ಟು ಲಿಕುಚದ ಕಥೆ ಹೇಳಿ.