ಸಹಾಯ ಬೇಕು: ಕೊಹಿನೂರ್ ಉಡುಗೊರೆಯೋ, ಕಿತ್ತುಕೊಂಡಿದ್ದೋ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವಳು. ಮಗಳು ಒಂಬತ್ತನೇ ಕ್ಲಾಸು, ಸೋಮವಾರ ಶಾಲೆಯಲ್ಲಿ ಕೊಹಿನೂರ್ ವಜ್ರದ ಬಗ್ಗೆ ಮಾತಾಡಬೇಕು. ಚಾರ್ಟ್‌ನಲ್ಲಿ 'ಉಡುಗೊರೆ' ಎಂದು ಬರೆದು, ಎರಡು ಸಲ ರಬ್ಬರ್‌ನಿಂದ ಉಜ್ಜಿ, ಈಗ ಅಲ್ಲಿ ಕಾಗದವೇ ತೆಳುವಾಗಿದೆ.

2016ರಲ್ಲಿ ಸರ್ಕಾರದ ವಕೀಲರೇ ಸುಪ್ರೀಂ ಕೋರ್ಟಿನಲ್ಲಿ ಅದು ಕದ್ದದ್ದಲ್ಲ ಎಂದಿದ್ದರು. ಆದರೆ 1849ರ ಲಾಹೋರ್ ಒಪ್ಪಂದದ ಮೂರನೇ ಕಲಮಿನಲ್ಲಿ ವಜ್ರವನ್ನು ಬ್ರಿಟನ್ ರಾಣಿಗೆ ಒಪ್ಪಿಸಬೇಕು ಎಂದೇ ಇದೆ, ಆಗ ಪಂಜಾಬಿನ ಸಿಖ್ ರಾಜ ದುಲೀಪ್ ಸಿಂಗ್‌ಗೆ ಬರೀ ಹತ್ತು ವರ್ಷ, ತಾಯಿಯನ್ನೂ ದೂರ ಮಾಡಿದ್ದರು. ಹತ್ತು ವರ್ಷದ ಮಗು ಕೊಟ್ಟಿದ್ದು ಉಡುಗೊರೆ ಹೇಗಾಗುತ್ತದೆ? ನನಗಂತೂ ಒಪ್ಪಲು ಆಗುತ್ತಿಲ್ಲ. ಅದಕ್ಕೂ ಮೊದಲು ದುಲೀಪನ ತಂದೆ ರಣಜಿತ್ ಸಿಂಗ್ ಅದನ್ನು 1813ರಲ್ಲಿ ಪಟ್ಟ ಕಳೆದುಕೊಂಡಿದ್ದ ಅಫ್ಘನ್ ದೊರೆ ಷಾ ಶುಜಾನಿಂದ ಪಡೆದದ್ದೂ ಸುಮ್ನೆ ಅಲ್ಲ, ಅದನ್ನೂ ಹೇಳಬೇಕು ಅಲ್ವಾ?

ನಮ್ಮ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನನ್ನು ಇದೇ ದುಲೀಪ್ ಸಿಂಗ್‌ಗೆ ಮದುವೆ ಮಾಡಿಸಬೇಕೆಂದು ವಿಕ್ಟೋರಿಯಾ ರಾಣಿಗೆ ಆಸೆ ಇತ್ತು, ಆಗಲಿಲ್ಲ. ಮಗಳು ಇದರಿಂದಲೇ ಮಾತು ಶುರು ಮಾಡುತ್ತಾಳಂತೆ.

ಆ ಒಪ್ಪಂದದ ಕನ್ನಡ ಅನುವಾದ, ಗೌರಮ್ಮನ ಚಿತ್ರದ ಒಳ್ಳೆ ಪ್ರತಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಮಳೆ ಜಾಸ್ತಿ, ಕರೆಂಟ್ ಹೋಗಿ ಬಂದು ಮಾಡುತ್ತಿದೆ, ಉತ್ತರ ತಡವಾದರೆ ಬೇಜಾರಾಗಬೇಡಿ.